ವಿದೇಶಾಂಗ ನೀತಿಯ ಚರ್ಚೆಯಿಂದ ಹೈಸ್ಕೂಲ್ ಮಕ್ಕಳಿಗೆ ಯೋಚಿಸಲು ಕಲಿಸುವುದು ಹೇಗೆ? ಅಡಿಕೆಯಿಂದ ಶುರು ಮಾಡಿ

ಸಮಾಜ ವಿಜ್ಞಾನದ ಮೇಷ್ಟ್ರು, ಮೇಡಂಗಳು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ. "ವಿದೇಶಾಂಗ ನೀತಿ ಪಾಠ ಮಾಡಿದರೆ ಮಕ್ಕಳು ತೂಕಡಿಸ್ತಾರೆ. ಚರ್ಚೆ ಮಾಡಿಸಿದರೆ ಕೂಗಾಡ್ತಾರೆ. ಏನು ಮಾಡೋದು?" ಶಿವಮೊಗ್ಗದವರೂ ಕೇಳಿದ್ದಾರೆ, ಹೊಸನಗರದ ಒಳಗಿನ ಶಾಲೆಗಳವರೂ ಕೇಳಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ತರಗತಿಗೆ ಬೇಕಾದ ಹಾಗೆ ತಿದ್ದಿಕೊಳ್ಳಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಶಾಲೆಗಳಲ್ಲಿ ಚರ್ಚೆ ಅಂದರೆ ಚರ್ಚಾ ಸ್ಪರ್ಧೆ. "ಮಾನ್ಯ ಅಧ್ಯಕ್ಷರೇ, ನಿರ್ಣಾಯಕರೇ" ಎಂದು ಶುರುವಾಗುತ್ತದೆ. ದೊಡ್ಡವರು ಬರೆದುಕೊಟ್ಟದ್ದನ್ನು ಮಗು ಬಾಯಿಪಾಠ ಒಪ್ಪಿಸುತ್ತದೆ. ಅದರಿಂದ ಧೈರ್ಯ ಬರುತ್ತದೆ, ನಾಲಿಗೆ ಸಲೀಸಾಗುತ್ತದೆ, ಅದು ಬೇಕು. ಆದರೆ ಅಲ್ಲಿ ಮಗು ಎದುರಿನವರ ಮಾತು ಕೇಳಿಸಿಕೊಳ್ಳುವುದೇ ಇಲ್ಲ. ನಾವು ಮಾಡಹೊರಟಿರುವುದು ಬೇರೆ.

ವಿಮರ್ಶಾತ್ಮಕ ಚಿಂತನೆ ಅನ್ನುವ ಹೆಸರು ದೊಡ್ಡದು, ಕೆಲಸ ಸಣ್ಣದು. ಕೇಳಿದ ಮಾತನ್ನು ಒಪ್ಪುವ ಮೊದಲು ಇದು ಎಲ್ಲಿಂದ ಬಂತು, ಇದರಿಂದ ಯಾರಿಗೆ ಅನುಕೂಲ, ಬೇರೆ ಥರ ಇರಬಹುದಾ ಎಂದು ಕೇಳಿಕೊಳ್ಳುವುದು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಇದಕ್ಕೆ ವಿದೇಶಾಂಗ ನೀತಿ ಯಾಕೆ ಒಳ್ಳೆಯ ವಿಷಯ ಗೊತ್ತಾ? ಅಲ್ಲಿ ಇನ್ನೊಂದು ಕಡೆಯವರು ನಮ್ಮ ಕೋಣೆಯಲ್ಲಿ ಇರುವುದಿಲ್ಲ. ಅವರ ಮಾತನ್ನೂ ನಮ್ಮ ಮಕ್ಕಳೇ ಆಡಬೇಕು. ತಮ್ಮದಲ್ಲದ ಮಾತನ್ನು ನ್ಯಾಯವಾಗಿ ಆಡುವುದು ಮಕ್ಕಳಿಗೆ ಕಷ್ಟ. ಕಲಿಸಬೇಕಾದದ್ದೂ ಅದನ್ನೇ.

ಏನೇನು ಬೇಕು

ನಲವತ್ತು ನಿಮಿಷದ ನಾಲ್ಕು ಪಿರಿಯಡ್, ಎರಡು ವಾರದೊಳಗೆ. ಗೋಡೆಗೆ ಹಾಕುವ ಏಷ್ಯಾದ ಭೂಪಟ. ಒಬ್ಬೊಬ್ಬರಿಗೂ ಎರಡು ಖಾಲಿ ಹಾಳೆ. ಎರಡು ಬೇರೆ ಬೇರೆ ಪತ್ರಿಕೆಗಳ ಹಳೆಯ ಪ್ರತಿಗಳು. ಒಂದು ಗಡಿಯಾರ. ಪ್ರೊಜೆಕ್ಟರ್, ಸ್ಮಾರ್ಟ್ ಕ್ಲಾಸ್ ಏನೂ ಬೇಡ.

ಒಂಬತ್ತನೇ ತರಗತಿಗೆ ಮಾಡುವುದು ಒಳ್ಳೆಯದು. ಹತ್ತರಲ್ಲಿ ವಿದೇಶಾಂಗ ನೀತಿಯ ಪಾಠ ಬರುತ್ತದೆ ನಿಜ, ಆದರೆ ಆಗ ಎಸ್ಸೆಸ್ಸೆಲ್ಸಿ ಭಯ ಎಲ್ಲರಿಗೂ ಇರುತ್ತದೆ. ಹತ್ತನೇ ತರಗತಿಗೇ ಮಾಡುವುದಾದರೆ ದಸರಾ ರಜೆಗೆ ಮುಂಚೆ ಮುಗಿಸಿ.

ಮಲೆನಾಡಿನ ಶಾಲೆಗಳಿಗೆ ಎರಡು ಎಚ್ಚರಿಕೆ. ಜುಲೈ, ಆಗಸ್ಟ್‌ನಲ್ಲಿ ಶೀಟ್ ಮಾಡಿನ ಮೇಲೆ ಮಳೆ ಬಿದ್ದರೆ ಮುಂದಿನ ಬೆಂಚಿನವರ ಮಾತೂ ಕೇಳುವುದಿಲ್ಲ. ಆ ದಿನಗಳಲ್ಲಿ ಓದುವ, ಬರೆಯುವ ಹಂತ ಇಟ್ಟುಕೊಳ್ಳಿ, ಮಾತಿನ ಹಂತ ಬೇಡ. ಎರಡನೆಯದು, ಕೊನೆಯ ಪಿರಿಯಡ್ ತೆಗೆದುಕೊಳ್ಳಬೇಡಿ. ದೂರದ ಮಕ್ಕಳ ಮನಸ್ಸೆಲ್ಲ ಬಸ್ಸಿನ ಮೇಲೆ ಇರುತ್ತದೆ.

ಹಂತ 1: ವಿಷಯ ಆರಿಸಿಕೊಳ್ಳುವುದು

ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮೊದಲ ಸಲ ನಾನು ಕೊಟ್ಟ ವಿಷಯ ಭಾರತ ಮತ್ತು ಪಾಕಿಸ್ತಾನದ ಸ್ನೇಹ ಸಾಧ್ಯವೇ ಎಂಬುದು. ಐದೇ ನಿಮಿಷದಲ್ಲಿ ಚರ್ಚೆ ಹೋಗಿ ಘೋಷಣೆ ಶುರುವಾಯಿತು. ಮೂರನೇ ಬೆಂಚಿನ ಒಬ್ಬ ಹುಡುಗ ಪಿರಿಯಡ್ ಮುಗಿಯುವ ತನಕ ಡೆಸ್ಕ್ ನೋಡುತ್ತಾ ಕೂತಿದ್ದ. ನಾಲ್ಕು ಜನ ಅವನ ಕಡೆ ತಿರುಗಿ ನೋಡಿದ್ದು ನನಗೆ ಕಾಣಿಸಿತು. ತಪ್ಪು ನನ್ನದು. ಯಾವ ಮಗುವಿಗೂ ತನ್ನ ಜಾತಿ, ಧರ್ಮ, ಭಾಷೆಯ ಪರವಾಗಿ ಉತ್ತರ ಕೊಡಬೇಕಾದ ಪರಿಸ್ಥಿತಿ ತರಗತಿಯಲ್ಲಿ ಬರಬಾರದು. ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ.

ಮೊದಲ ಚರ್ಚೆಗೆ ಮಕ್ಕಳಿಗೆ ಮನೆಯಿಂದ ಸ್ವಲ್ಪ ಗೊತ್ತಿರುವ, ಆದರೆ ಸಿದ್ಧ ಉತ್ತರ ಇಲ್ಲದ ವಿಷಯ ಬೇಕು. ನಮ್ಮ ಕಡೆಗೆ ಅಡಿಕೆಗಿಂತ ಒಳ್ಳೆಯದು ಸಿಗುವುದಿಲ್ಲ. ನಾನು ಈಗ ಕೊಡುವುದು ಇದು:

"ಭೂತಾನದಿಂದ ಹಸಿ ಅಡಿಕೆ ತರಿಸಿಕೊಳ್ಳಲು ಭಾರತ ಒಪ್ಪಿದ್ದು ಸರಿ."

ವಾಕ್ಯ ಹೀಗೇ ಇರಲಿ. ಒಂದು ನಿರ್ಧಾರ, ಒಂದು ದೇಶ, ಒಂದು ವಸ್ತು. "ಭಾರತದ ವಿದೇಶಾಂಗ ನೀತಿ ಯಶಸ್ವಿಯೇ?" ಎಂಬಂಥ ಅಗಲದ ವಿಷಯ ಕೊಟ್ಟರೆ ಬರುವುದು ಭಾಷಣ ಮಾತ್ರ.

ಹಂತ 2: ಒಂದು ಪುಟದ ಮಾಹಿತಿ

ಎರಡೂ ಕಡೆಯವರಿಗೆ ಒಂದೇ ಹಾಳೆ ಕೊಡಿ. ಅಭಿಪ್ರಾಯ ಬೇಡ, ಮಾಹಿತಿ ಮಾತ್ರ. ಅಡಿಕೆಯ ವಿಷಯಕ್ಕೆ ನನ್ನ ಹಾಳೆಯಲ್ಲಿ ಇರುವುದು ಇಷ್ಟು.

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಬಹುದು, ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ. ಕನಿಷ್ಠ ಆಮದು ಬೆಲೆ ಅಂದರೆ ಹೊರದೇಶದ ಸರಕು ಇದಕ್ಕಿಂತ ಅಗ್ಗದ ಬೆಲೆಗೆ ಒಳಗೆ ಬರಬಾರದು ಎಂದು ಸರ್ಕಾರ ಎಳೆದ ಗೆರೆ. ಅಡಿಕೆಗೆ ಅದು ಕಿಲೋಗೆ 251 ರೂಪಾಯಿ ಇತ್ತು. 2023ರ ಫೆಬ್ರವರಿಯಲ್ಲಿ 351 ರೂಪಾಯಿ ಆಯಿತು. ದೇಶದಲ್ಲಿ ಬೆಳೆಯುವ ಅಡಿಕೆ ವರ್ಷಕ್ಕೆ 10 ಲಕ್ಷ ಟನ್‌ಗೂ ಜಾಸ್ತಿ, ಅದರಲ್ಲಿ ದೊಡ್ಡ ಪಾಲು ಕರ್ನಾಟಕದ್ದು. ಅಸ್ಸಾಂನಲ್ಲೂ ಬೆಳೆಯುತ್ತಾರೆ.

ಹಾಳೆಯ ಇನ್ನೊಂದು ಅರ್ಧದಲ್ಲಿ ಭೂತಾನ. ಸಮುದ್ರ ಇಲ್ಲದ ದೇಶ. ಒಂದು ಕಡೆ ಭಾರತ, ಇನ್ನೊಂದು ಕಡೆ ಚೀನಾ. ಅದರ ವ್ಯಾಪಾರದ ಬಹುಪಾಲು ನಮ್ಮ ಜೊತೆ. ಅಲ್ಲಿನ ಜಲವಿದ್ಯುತ್ ನಾವು ಕೊಳ್ಳುತ್ತೇವೆ. 1949ರಲ್ಲಿ ಆದ ಸ್ನೇಹ ಒಪ್ಪಂದವನ್ನು 2007ರಲ್ಲಿ ಹೊಸದಾಗಿ ಬರೆದುಕೊಂಡೆವು. 2017ರಲ್ಲಿ ಡೋಕ್ಲಾಂನಲ್ಲಿ ಚೀನಾ ರಸ್ತೆ ಮಾಡಲು ಬಂದಾಗ ಭಾರತದ ಸೈನಿಕರು ತಡೆದರು, ಎರಡು ತಿಂಗಳಿಗೂ ಹೆಚ್ಚು ಕಾಲ ಎರಡು ಸೇನೆಗಳು ಎದುರುಬದುರು ನಿಂತಿದ್ದವು. ಡೋಕ್ಲಾಂ ತನ್ನ ನೆಲ ಎಂದು ಭೂತಾನ ಹೇಳುತ್ತದೆ. ಇಲ್ಲಿ ಭೂಪಟದ ಹತ್ತಿರ ಹೋಗಿ ಸಿಲಿಗುರಿ ಕಾರಿಡಾರ್ ತೋರಿಸಿ. ಈಶಾನ್ಯ ರಾಜ್ಯಗಳನ್ನು ಉಳಿದ ಭಾರತಕ್ಕೆ ಸೇರಿಸುವ ಆ ಕಿರಿದಾದ ನೆಲದ ಮೇಲೆ ಬೆರಳಿಟ್ಟು, ಡೋಕ್ಲಾಂ ಎಲ್ಲಿದೆ ಎಂದು ಮಕ್ಕಳೇ ಹುಡುಕಲಿ. ಅಡಿಕೆಗೂ ಸೈನ್ಯಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಉತ್ತರ ನೀವು ಕೊಡಬೇಡಿ.

ಹಂತ 3: ನಾಲ್ಕು ಮನೆಯ ಹಾಳೆ

ಇದಕ್ಕೆ ಒಂದು ಪಿರಿಯಡ್ ಪೂರ್ತಿ ಕೊಡಿ. ಅವಸರ ಮಾಡಬೇಡಿ.

ಖಾಲಿ ಹಾಳೆಯನ್ನು ಎರಡು ಸಲ ಮಡಚಿ ಬಿಡಿಸಿದರೆ ನಾಲ್ಕು ಮನೆ ಆಗುತ್ತದೆ. ಒಂದೊಂದು ಮನೆಗೆ ಒಂದೊಂದು ಹೆಸರು: ಗೊತ್ತು, ಕೇಳಿದ್ದು, ಅನಿಸಿದ್ದು, ಗೊತ್ತಿಲ್ಲ. ವಿಷಯದ ಬಗ್ಗೆ ತಲೆಯಲ್ಲಿರುವುದನ್ನೆಲ್ಲ ಸರಿಯಾದ ಮನೆಗೆ ಹಾಕಬೇಕು.

"ಗೊತ್ತು" ಮನೆಗೆ ಹೋಗಬೇಕಾದರೆ ಎಲ್ಲಿಂದ ಗೊತ್ತಾಯಿತು ಎಂದು ಪಕ್ಕದಲ್ಲಿ ಬರೆಯಬೇಕು. ಮಾಹಿತಿ ಹಾಳೆ, ಪತ್ರಿಕೆ, ಪುಸ್ತಕ, ಸ್ವತಃ ನೋಡಿದ್ದು. "ಅಪ್ಪ ಹೇಳಿದ್ರು", "ವಾಟ್ಸಾಪ್‌ನಲ್ಲಿ ಬಂತು" ಅನ್ನುವುದೆಲ್ಲ "ಕೇಳಿದ್ದು" ಮನೆಗೆ. ಇಲ್ಲಿ ಮಕ್ಕಳಿಗೆ ಒಂದು ವಿಷಯ ಸ್ಪಷ್ಟವಾಗಿ ಹೇಳಿ. ಕೇಳಿದ್ದು ಸುಳ್ಳು ಎಂದಲ್ಲ, ಇನ್ನೂ ನೋಡಿಲ್ಲ ಎಂದಷ್ಟೇ. ಹೀಗೆ ಹೇಳದಿದ್ದರೆ ಮೇಷ್ಟ್ರು ಅಪ್ಪನ ಮಾತು ಸುಳ್ಳು ಅಂದರು ಎಂದು ಮನೆಗೆ ವರದಿ ಹೋಗುತ್ತದೆ, ಮರುದಿನ ಪೋಷಕರು ಬರುತ್ತಾರೆ.

ಒಂದು ಸಲ ನಾನು ಬೋರ್ಡಿನ ಮೇಲೆ 17,000 ಎಂದೂ 10 ಲಕ್ಷ ಎಂದೂ ಬರೆದೆ. ಮಕ್ಕಳು ಲೆಕ್ಕ ಮಾಡಿ ನೂರಕ್ಕೆ ಎರಡೂ ಇಲ್ಲ, ಇಷ್ಟಕ್ಕೆ ಯಾಕೆ ಗಲಾಟೆ ಎಂದರು. ನಾನೂ ತಲೆಯಾಡಿಸಿದೆ. ಆಗ ತೀರ್ಥಹಳ್ಳಿ ಕಡೆಯ ಒಬ್ಬಳು ಹುಡುಗಿ ಎದ್ದು ನಿಂತಳು. "ಸರ್, ಅದು ಹಸಿ ಅಡಿಕೆ ಅಲ್ವಾ? ನಮ್ಮನೇಲಿ ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲ್ದು ಬೇಯ್ಸಿ ಒಣಗ್ಸಿದ್ರೆ ಹನ್ನೆರಡು ಹದ್ಮೂರು ಕೇಜಿ ಸಿಗತ್ತೆ. ಈ ಹತ್ತು ಲಕ್ಷ ಹಸೀದಾ, ಒಣಗಿದ್ದಾ?" ಅವಳ ಲೆಕ್ಕದಲ್ಲಿ 17,000 ಟನ್ ಒಣಗಿದರೆ ಉಳಿಯುವುದು ಸುಮಾರು 2,000 ಟನ್. ನಾನು ಎರಡು ಬೇರೆ ಬೇರೆ ತೂಕಗಳನ್ನು ಹಾಗೇ ಹೋಲಿಸಿಬಿಟ್ಟಿದ್ದೆನಾ ಎಂದು ನಾನೇ ನಿಂತು ಯೋಚಿಸಬೇಕಾಯಿತು. ಆ ಪ್ರಶ್ನೆಯನ್ನು ಎಲ್ಲರೂ ತಮ್ಮ "ಗೊತ್ತಿಲ್ಲ" ಮನೆಯಲ್ಲಿ ಬರೆದುಕೊಂಡರು. ಇನ್ನೂ ಒಂದು ಮಾತು. ಅವಳ ಮನೆಯವರು ಅಡಿಕೆ ಬೆಳೆಗಾರರು, ಅವಳ ಪ್ರಶ್ನೆಯಿಂದ ಗಟ್ಟಿಯಾದದ್ದು ಎದುರು ಪಕ್ಷದ ವಾದ. ಅದು ಗೊತ್ತಿದ್ದೂ ಅವಳು ಕೇಳಿದಳು. ಅವತ್ತು ನನಗಾದ ಖುಷಿ ಇವತ್ತಿಗೂ ಹಾಗೇ ಇದೆ.

ಪಿರಿಯಡ್ ಮುಗಿಯುವ ಮೊದಲು "ಗೊತ್ತಿಲ್ಲ" ಮನೆ ಯಾರದ್ದು ಖಾಲಿ ಇದೆ ನೋಡಿ. ಖಾಲಿ ಬಿಟ್ಟವರಿಗೆ ಕನಿಷ್ಠ ಎರಡು ಪ್ರಶ್ನೆ ಬರೆಯಲು ಹೇಳಿ.

ಹಂತ 4: ಕುರ್ಚಿ ಹಂಚುವುದು

ಪರ, ವಿರೋಧ ಎಂದು ಎರಡು ಗುಂಪು ಮಾಡಿದರೆ ಸಾಕಾಗುವುದಿಲ್ಲ. ಆರು ಕುರ್ಚಿ ಹಾಕಿ. ವಿದೇಶಾಂಗ ಸಚಿವಾಲಯದ ಅಧಿಕಾರಿ, ವಾಣಿಜ್ಯ ಸಚಿವಾಲಯದ ಅಧಿಕಾರಿ, ಮಲೆನಾಡಿನ ಬೆಳೆಗಾರ, ಅಸ್ಸಾಂನ ಬೆಳೆಗಾರ, ಭೂತಾನದ ಬೆಳೆಗಾರ, ಅಡಿಕೆ ಸುಲಿಯಲು ಬರುವ ಕೂಲಿ ಹೆಂಗಸು. ಒಂದೊಂದು ಕುರ್ಚಿಯ ಹಿಂದೆ ಆರೇಳು ಮಕ್ಕಳ ಗುಂಪು. ನಲವತ್ತು ಮಕ್ಕಳಿದ್ದರೂ ಎಲ್ಲರಿಗೂ ಕೆಲಸ ಸಿಗುತ್ತದೆ.

ಚೀಟಿ ಎತ್ತಿಸಿ. ಅಡಿಕೆ ತೋಟ ಇರುವ ಮನೆಯ ಮಗು ಬೆಳೆಗಾರನ ಕುರ್ಚಿಗೇ ಬಂದರೆ ಬೇರೆ ಚೀಟಿ ತೆಗೆಯಲು ಹೇಳಿ. ತನ್ನದಲ್ಲದ ಕುರ್ಚಿಯೇ ಸಿಗಬೇಕು. ಕೂಲಿ ಹೆಂಗಸಿನ ಕುರ್ಚಿಯನ್ನಂತೂ ಬಿಡಬೇಡಿ. ಸುಲಿಯುವ ಕೆಲಸಕ್ಕೆ ಹೋಗುವ ಅಮ್ಮಂದಿರ ಮಕ್ಕಳು ತರಗತಿಯಲ್ಲಿ ಇರುತ್ತಾರೆ. ರೈತ ಅಂದಕೂಡಲೇ ತೋಟದ ಯಜಮಾನರು ಮಾತ್ರ ಎಲ್ಲರ ಕಣ್ಣ ಮುಂದೆ ಬರುತ್ತಾರೆ, ಈ ಮಕ್ಕಳ ಮನೆಯ ಕಥೆ ಹೊರಗೆ ಉಳಿದುಹೋಗುತ್ತದೆ.

ಅತಿ ಕಷ್ಟದ ಕುರ್ಚಿ ಭೂತಾನದ ಬೆಳೆಗಾರನದು. ಮಕ್ಕಳು ಮೊದಲು ಅವನನ್ನು ನಾಟಕದ ಖಳನ ಹಾಗೆ ಮಾಡುತ್ತಾರೆ. ಆಗ ಒಂದೇ ಪ್ರಶ್ನೆ ಕೇಳಿ: "ಅವನ ಮನೆಯಲ್ಲೂ ನಿನ್ನ ವಯಸ್ಸಿನ ಮಗು ಇದ್ದರೆ, ಅಡಿಕೆ ಮಾರಿದ ದುಡ್ಡಿನಲ್ಲಿ ಏನು ತರುತ್ತಾರೆ?" ಆಮೇಲೆ ಧ್ವನಿ ಬದಲಾಗುತ್ತದೆ.

ಹಂತ 5: ಚರ್ಚೆಯ ದಿನ

ಒಂದು ಕುರ್ಚಿಗೆ ಎರಡು ನಿಮಿಷ. ಬರೆದದ್ದನ್ನು ನೋಡಿ ಓದುವ ಹಾಗಿಲ್ಲ, ಅಂಕಿ ಅಂಶದ ಚೀಟಿ ಮಾತ್ರ ಕೈಯಲ್ಲಿರಬಹುದು. ಆಮೇಲೆ ಪ್ರಶ್ನೋತ್ತರ.

ಪ್ರಶ್ನೋತ್ತರಕ್ಕೆ ಒಂದೇ ನಿಯಮ, ಅದನ್ನು ಸಡಿಲ ಬಿಡಬೇಡಿ. ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಇದೇ" ಅಂದ ಮೇಲೆಯೇ ಮುಂದಿನ ಮಾತು. ಶುರುವಿನಲ್ಲಿ ಇದು ತುಂಬಾ ನಿಧಾನ. ಮಕ್ಕಳಿಗೆ ಕಿರಿಕಿರಿ ಆಗುತ್ತದೆ, ನಿಮಗೂ ಆಗುತ್ತದೆ. ಹತ್ತು ನಿಮಿಷ ತಡೆದುಕೊಳ್ಳಿ. ಕೂಗಾಟ ತಾನಾಗಿ ಇಳಿಯುತ್ತದೆ, ಯಾಕೆಂದರೆ ಕೇಳಿಸಿಕೊಳ್ಳದವರಿಗೆ ಮಾತಾಡುವ ಅವಕಾಶವೇ ಇಲ್ಲ.

ಈ ಚರ್ಚೆಯಲ್ಲಿ ಬಂದೇ ಬರುವ ಮೂರು ತಪ್ಪು ಜಾಡುಗಳಿವೆ.

ಒಂದು, "ಭೂತಾನದಿಂದ ತರಿಸಲು ಬಿಟ್ಟರು, ಆಮೇಲೆ ರೇಟ್ ಬಿತ್ತು, ಆದ್ದರಿಂದ ಅದಕ್ಕೇ ಬಿತ್ತು." ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವ ಗಾದೆ ನೆನಪಿಸಿ. ಸುಮ್ನೆ ಗಾದೆ ಹೇಳಿ ಬಿಡಬೇಡಿ. ಪತ್ರಿಕೆಗಳಲ್ಲಿ ಬರುವ ಅಡಿಕೆ ಧಾರಣೆ ತೆಗೆಸಿ. ನಿರ್ಧಾರದ ಹಿಂದಿನ ತಿಂಗಳು, ಮುಂದಿನ ತಿಂಗಳು ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆಗಳ ಅಡಿಕೆಗೆ ಬೆಲೆ ಎಷ್ಟಿತ್ತು ಎಂದು ಮಕ್ಕಳೇ ಬರೆದುಕೊಳ್ಳಲಿ. ಬಿದ್ದಿದ್ದರೆ ಬೇರೆ ಯಾವ ಕಾರಣ ಇರಬಹುದು? ಬೀಳದಿದ್ದರೆ ಎದುರು ವಾದಕ್ಕೆ ಅಷ್ಟೇ ಸಾಕಾ?

ಎರಡು, ಕಳ್ಳಸಾಗಣೆಯ ವಾದ. ಭೂತಾನದ ಹೆಸರಿನಲ್ಲಿ ಬೇರೆ ದೇಶದ ಅಡಿಕೆ ಒಳಗೆ ಬರಬಹುದು ಅನ್ನುವ ಭಯ ಬೆಳೆಗಾರರಲ್ಲಿ ಇದೆ. ಇದು ಯೋಚಿಸಬೇಕಾದ ವಾದವೇ. ಆದರೆ "ಬರಬಹುದು" ಅನ್ನುವುದನ್ನು "ಬರುತ್ತಿದೆ" ಎಂದು ಮಗು ಬದಲಾಯಿಸಿದ ಕ್ಷಣ ಕೈ ಎತ್ತಿ ನಿಲ್ಲಿಸಿ. "ಬರುತ್ತಿದೆ" ಎಂದು ಹೇಳಲು ಏನು ಬೇಕು ಎಂದು ಇಡೀ ತರಗತಿಯನ್ನು ಕೇಳಿ.

ಮೂರು, ದೇಶವನ್ನು ಒಬ್ಬ ಮನುಷ್ಯನ ಹಾಗೆ ಮಾತಾಡಿಸುವುದು. "ಭಾರತಕ್ಕೆ ಕೋಪ ಬಂತು", "ಚೀನಾಗೆ ಹೊಟ್ಟೆಕಿಚ್ಚು". ಆಗೆಲ್ಲ "ಭಾರತದಲ್ಲಿ ಯಾರು?" ಎಂದು ಕೇಳಿ. ಆರು ಕುರ್ಚಿಯಲ್ಲಿ ಐದು ಭಾರತದವೇ, ಐದಕ್ಕೂ ಬೇಕಾದದ್ದು ಬೇರೆ ಬೇರೆ ಅಲ್ವಾ?

ಯಾರಾದರೂ ಅಡಿಕೆಯ ಆರೋಗ್ಯದ ವಿಷಯ ಎತ್ತಿಯೇ ಎತ್ತುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವುದು ನಿಜ. ನಮ್ಮ ಕಡೆ ಇದು ಎಲ್ಲರಿಗೂ ನೋವಿನ ವಿಷಯ. ಹಾಗಂತ ಮಗುವಿನ ಬಾಯಿ ಮುಚ್ಚಿಸಬೇಡಿ. ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು, ಇದು ಇನ್ನೊಂದು ಚರ್ಚೆಯ ವಿಷಯ ಎಂದು ಹೇಳಿ, ಆ ಚರ್ಚೆಯನ್ನು ನಿಜವಾಗಿಯೂ ಮಾಡಿಸಿ.

ಹಂತ 6: ಕುರ್ಚಿ ಬದಲಿಸುವುದು

ಇಪ್ಪತ್ತು ನಿಮಿಷ ಆದ ಮೇಲೆ ಎಲ್ಲರನ್ನೂ ಎಬ್ಬಿಸಿ ಎದುರಿನ ಕುರ್ಚಿಗೆ ಕಳಿಸಿ. ಮಲೆನಾಡಿನ ಬೆಳೆಗಾರ ಈಗ ಭೂತಾನದ ಬೆಳೆಗಾರ. ತಯಾರಿಗೆ ಎರಡೇ ನಿಮಿಷ. ಹಿಂದೆ ಕೂತಿದ್ದವರು ಹೇಳದೆ ಬಿಟ್ಟ ಒಂದು ಹೊಸ ವಾದವನ್ನಾದರೂ ಹೇಳಬೇಕು. ಸಮಯ ಸಾಲದಿದ್ದರೆ ಹಂತ 5ನ್ನು ಬೇಕಾದರೆ ಕಡಿಮೆ ಮಾಡಿ, ಇದನ್ನು ಬಿಡಬೇಡಿ.

ಹಂತ 7: ಬರೆಸುವುದು, ಅಂಕ ಕೊಡುವುದು

ಗೆದ್ದವರು ಯಾರು ಎಂದು ಘೋಷಿಸಬೇಡಿ. ಎರಡನೇ ಹಾಳೆಯಲ್ಲಿ ಮೂರು ಉತ್ತರ ಬರೆಸಿ. ಈಗ ನನ್ನ ಅಭಿಪ್ರಾಯ ಏನು? ಎದುರು ಪಕ್ಷದ ಅತಿ ಗಟ್ಟಿ ವಾದ ಯಾವುದು? ಯಾವ ಮಾಹಿತಿ ಸಿಕ್ಕರೆ ನನ್ನ ಅಭಿಪ್ರಾಯ ಬದಲಾಯಿಸುತ್ತೇನೆ? ಮೂರನೆಯದಕ್ಕೆ "ಏನೇ ಆದರೂ ಬದಲಾಯಿಸಲ್ಲ" ಎಂದು ಬರೆದವರ ಪಕ್ಕ ಐದು ನಿಮಿಷ ಕೂತು ಮಾತಾಡಿ. ಬೈಯಬೇಡಿ.

ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಬಳಸುವುದಾದರೆ ಹತ್ತು ಅಂಕವನ್ನು ಹೀಗೆ ಹಂಚಿ: ಆಧಾರ ಕೊಟ್ಟಿದ್ದಕ್ಕೆ 4, ಎದುರಿನವರ ಮಾತನ್ನು ಸರಿಯಾಗಿ ತಿರುಗಿ ಹೇಳಿದ್ದಕ್ಕೆ 3, ಒಳ್ಳೆಯ ಪ್ರಶ್ನೆಗೆ 2, ಮಾತಿನ ಶೈಲಿಗೆ 1. ಶೈಲಿಗೆ ಜಾಸ್ತಿ ಕೊಟ್ಟರೆ ಅದೇ ನಾಲ್ಕು ಮಕ್ಕಳು ಪ್ರತಿ ಸಲ ಮೇಲೆ ಬರುತ್ತಾರೆ. ಸಣ್ಣ ದನಿಯ ಮಗು ಹಾಳೆಯಲ್ಲಿ ಬರೆದ ಪ್ರಶ್ನೆಗೂ ಅಂಕ ಇರಲಿ.

"ಸರ್, ನೀವೇನು ಹೇಳ್ತೀರಿ?" ಎಂದು ಕೇಳೇ ಕೇಳುತ್ತಾರೆ. ಅವರ ಹಾಳೆಗಳು ನಿಮ್ಮ ಕೈ ಸೇರುವ ತನಕ ಹೇಳಬೇಡಿ. ಸೇರಿದ ಮೇಲೆ ಹೇಳಿ, ಜೊತೆಗೆ ನಿಮ್ಮ "ಗೊತ್ತಿಲ್ಲ" ಮನೆಯಲ್ಲಿ ಏನಿದೆ ಎಂದೂ ಹೇಳಿ.

ಮುಂದಿನ ಚರ್ಚೆಗಳು

ಎರಡನೆಯದಕ್ಕೆ ಹಾಲು ಒಳ್ಳೆಯದು. ಆರ್‌ಸಿಇಪಿ ಎಂಬುದು ಏಷ್ಯಾ ಪೆಸಿಫಿಕ್ ದೇಶಗಳ ದೊಡ್ಡ ವ್ಯಾಪಾರ ಒಪ್ಪಂದ. 2019ರ ನವೆಂಬರ್‌ನಲ್ಲಿ ಭಾರತ ಅದರಿಂದ ಹೊರಗೆ ಉಳಿಯಿತು, ಮರುವರ್ಷ 15 ದೇಶಗಳು ಸಹಿ ಹಾಕಿದವು. ನ್ಯೂಜಿಲೆಂಡ್‌ನ ಹಾಲಿನ ಪುಡಿ ಬಂದರೆ ನಮ್ಮೂರ ಡೇರಿಗೆ ಹಾಲು ಹಾಕುವವರ ಗತಿ ಏನು ಎಂಬ ಪ್ರಶ್ನೆ ಆಗ ದೊಡ್ಡದಾಗಿತ್ತು.

ಮೂರನೆಯದಕ್ಕೆ ಮನೆಯಿಂದ ದೂರ ಹೋಗಬಹುದು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಉಕ್ರೇನ್ ಮೇಲಿನ ರಷ್ಯಾದ ದಾಳಿಯನ್ನು ಖಂಡಿಸುವ ನಿರ್ಣಯ ಬಂತು. ಪರವಾಗಿ 141, ವಿರುದ್ಧ 5, ತಟಸ್ಥ 35. ತಟಸ್ಥ ಅಂದರೆ ಸಭೆಯಲ್ಲಿ ಇದ್ದೂ ಯಾವ ಕಡೆಗೂ ಮತ ಹಾಕದಿರುವುದು. ಭಾರತ ಆ 35ರಲ್ಲಿತ್ತು. ಅದೇ 35ರಲ್ಲಿ ಚೀನಾ, ಪಾಕಿಸ್ತಾನವೂ ಇದ್ದವು. ನೇಪಾಳ, ಭೂತಾನ ಪರವಾಗಿ ಮತ ಹಾಕಿದ್ದವು. ಬೋರ್ಡಿನ ಮೇಲೆ ಇದನ್ನು ಬರೆದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ, ಯಾಕೆಂದರೆ ಮಿತ್ರ, ಶತ್ರು ಎಂದು ಅವರು ಮಾಡಿಟ್ಟುಕೊಂಡ ಪಟ್ಟಿಗೆ ಇದು ಹೊಂದುವುದಿಲ್ಲ. ಉಕ್ರೇನ್‌ನಲ್ಲಿ ಓದುತ್ತಿದ್ದ ಸಾವಿರಾರು ಭಾರತೀಯ ವಿದ್ಯಾರ್ಥಿಗಳನ್ನು ಅದೇ ದಿನಗಳಲ್ಲಿ ಕರೆತರಬೇಕಿತ್ತು ಎಂಬುದನ್ನೂ ಮಾಹಿತಿ ಹಾಳೆಯಲ್ಲಿ ಹಾಕಿ.

ವರ್ಷದ ಕೊನೆಗೆ ಹಳೆಯ ನಿರ್ಧಾರ ಒಂದನ್ನು ತೆಗೆದುಕೊಳ್ಳಿ. 1959ರಲ್ಲಿ ದಲೈ ಲಾಮಾ ಅವರಿಗೆ ಭಾರತ ಆಶ್ರಯ ಕೊಟ್ಟದ್ದು ಸರಿಯೇ? ಮುಂಡಗೋಡು, ಬೈಲಕುಪ್ಪೆಯ ಟಿಬೆಟನ್ ನೆಲೆಗಳು ನಮ್ಮ ರಾಜ್ಯದಲ್ಲೇ ಇವೆ, ಚಳಿಗಾಲದಲ್ಲಿ ಸ್ವೆಟರ್ ಮಾರುವ ಟಿಬೆಟನ್ನರನ್ನು ಮಕ್ಕಳು ನೋಡಿರುತ್ತಾರೆ. ಇಲ್ಲಿ ಎಚ್ಚರ: 1962ರ ಯುದ್ಧ ಆಯಿತು ಎಂದು ಇವತ್ತು ನಮಗೆ ಗೊತ್ತು, 1959ರಲ್ಲಿ ನಿರ್ಧಾರ ಮಾಡಿದವರಿಗೆ ಗೊತ್ತಿರಲಿಲ್ಲ. ಮಾಹಿತಿ ಹಾಳೆ 1959ಕ್ಕೇ ನಿಲ್ಲಲಿ. ಚರ್ಚೆ ಮುಗಿದ ಮೇಲೆ ಮುಂದಿನದನ್ನು ಕೊಡಿ.

ನಾಲ್ಕು ಮನೆಯ ಮೊದಲ ಹಾಳೆಗಳನ್ನು ಎಸೆಯಬೇಡಿ, ಕಟ್ಟಿ ಬೀರುವಿನಲ್ಲಿಡಿ. ಫೆಬ್ರವರಿಯಲ್ಲಿ ಒಂದು ದಿನ ವಾಪಸ್ ಕೊಟ್ಟು, ಕೆಂಪು ಪೆನ್ನಿನಲ್ಲಿ ಬಾಣ ಎಳೆಯಲು ಹೇಳಿ: ಆಗ "ಗೊತ್ತು" ಎಂದು ಬರೆದದ್ದರಲ್ಲಿ ಯಾವುದು ಈಗ "ಕೇಳಿದ್ದು" ಮನೆಗೆ ಹೋಗಬೇಕು?